ಗಾಂಧಾರ ಎಲ್ಲಿದೆ? ಓಪನ್ ಕಾರ್ಡ್‌ಗಳ ಅಲಂಕಾರದ ಬಗ್ಗೆ ಒಂದಿಷ್ಟು ಮಾತು

ಗಿಟಾರ್ ಕಲಿಯುತ್ತಿರುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ ಇದು. ಅಲ್ಲಿ ಗಿಟಾರ್ ಕೈಯಲ್ಲೇ ಇತ್ತು, ಮಾತಿಗಿಂತ ನುಡಿಸಿದ್ದೇ ಜಾಸ್ತಿ. ನುಡಿಸಿ ತೋರಿಸಿದ ಕಡೆ ಇಲ್ಲಿ ಫ್ರೆಟ್ (ಗಿಟಾರ್ ಕುತ್ತಿಗೆಯ ಮೇಲಿನ ಅಡ್ಡಪಟ್ಟಿ) ಸಂಖ್ಯೆ ಕೊಟ್ಟಿದ್ದೇನೆ. ಆರು ಗುರುತುಗಳ ಸಾಲು ಬಂದಾಗ ಎಡತುದಿಯದು ದಪ್ಪನೆಯ 6ನೇ ತಂತಿ, ಬಲತುದಿಯದು ತೆಳ್ಳನೆಯ 1ನೇ ತಂತಿ. ಸೊನ್ನೆ ಇದ್ದರೆ ಆ ತಂತಿಯನ್ನು ಒತ್ತದೆ ಹಾಗೇ ಮೀಟಬೇಕು. ಅಡ್ಡಗೆರೆ ಇದ್ದರೆ ಮೀಟಲೇಬಾರದು. ಗಿಟಾರ್ ಪಕ್ಕದಲ್ಲಿಟ್ಟುಕೊಂಡು ಓದಿದರೆ ಒಳ್ಳೆಯದು.

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರಿಗೆ ಎಂಟು ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು, ಬರುತ್ತವೆ ಅಂದುಕೊಂಡಿದ್ದೇನೆ. ಸಿ, ಎ, ಜಿ, ಇ, ಡಿ ಎಂಬ ಐದು ಮೇಜರ್. ಎ, ಇ, ಡಿ ಎಂಬ ಮೂರು ಮೈನರ್. ಬೆರಳೆಲ್ಲ ಮೊದಲ ಮೂರು ಫ್ರೆಟ್ ಒಳಗೇ ಇರುತ್ತದೆ, ಒಂದೆರಡು ತಂತಿಗಳಾದರೂ ಒತ್ತದೆ ತೆರೆದೇ ನುಡಿಯುತ್ತವೆ. ಅದಕ್ಕೇ ಇವು ಓಪನ್ ಕಾರ್ಡ್.

ಇಷ್ಟು ಕಲಿತ ಮೇಲೆ ಒಂದು ಬೇಸರ ಶುರುವಾಗುತ್ತದೆ ಅಲ್ವಾ? ಕಾರ್ಡ್ ಸರಿ ಇದೆ. ತಾಳ ತಪ್ಪುತ್ತಿಲ್ಲ. ಆದರೂ ಕೇಳಲು ಸಪ್ಪೆ. ಅದೇ ಡಿ ಕಾರ್ಡ್ ರೆಕಾರ್ಡಿನಲ್ಲಿ ಮಿನುಗುತ್ತದೆ, ನಮ್ಮ ಕೈಯಲ್ಲಿ ಮಾತ್ರ ಸುಮ್ನೆ ಕೂತಿರುತ್ತದೆ. ಆಗ ಹೆಚ್ಚಿನವರು ಹೊಸ ಕಾರ್ಡ್‌ಗಳ ಬೆನ್ನು ಹತ್ತುತ್ತಾರೆ. ನೂರಾರು ಕಾರ್ಡ್‌ಗಳ ಚಿತ್ರಪಟ ತಂದು ಗೋಡೆಗೆ ಅಂಟಿಸುತ್ತಾರೆ. ನಾನು ಹೇಳಲು ಬಂದಿರುವುದು ಬೇರೆ. ಸದ್ಯಕ್ಕೆ ಹೊಸ ಕಾರ್ಡ್ ಬೇಡ. ಬರುವ ಎಂಟರಲ್ಲಿ ಗಾಂಧಾರ ಎಲ್ಲಿ ಕೂತಿದೆ ಅಂತ ಹುಡುಕಿ. ಓಪನ್ ಕಾರ್ಡ್‌ಗಳ ಅಲಂಕಾರದಲ್ಲಿ ಬಹುಪಾಲು ಆ ಒಂದು ಸ್ವರದ ಸುತ್ತಲೇ ನಡೆಯುತ್ತದೆ.

ಗಿಟಾರ್ ಪಾಠದಲ್ಲಿ ಗಾಂಧಾರ ಯಾಕೆ ಬಂತು ಅಂತ ಕೆಲವರಿಗೆ ಅನ್ನಿಸಬಹುದು. ನಮ್ಮಲ್ಲಿ ಬಹಳ ಜನ ಚಿಕ್ಕಂದಿನಲ್ಲಿ ಸರಳೆ, ಜಂಟಿವರಸೆ ಹಾಡಿದವರೇ. ಹಾಡದಿದ್ದರೂ ಪಕ್ಕದ ಮನೆಯಲ್ಲಿ ಕೇಳಿರುತ್ತಾರೆ. ಸರಿಗಮ ಕಿವಿಯಲ್ಲಿ ಆಗಲೇ ಕೂತಿದೆ. ಅದನ್ನು ಬಿಟ್ಟು ಮೇಜರ್ ಥರ್ಡ್, ಪರ್ಫೆಕ್ಟ್ ಫೋರ್ತ್ ಅಂತ ಹೊಸದಾಗಿ ಉರು ಹೊಡೆಯುವುದು ಯಾಕೆ?

ಲೆಕ್ಕ ಸುಲಭ. ಕಾರ್ಡ್‌ನ ಹೆಸರು ಯಾವುದೋ ಅದೇ ಷಡ್ಜ. ಡಿ ಮೇಜರ್ ಅಂದರೆ ಡಿ ಷಡ್ಜ, ಎಫ್ ಶಾರ್ಪ್ ಅಂತರ ಗಾಂಧಾರ, ಎ ಪಂಚಮ. ಸ, ಗ, ಪ. ಅಷ್ಟೇ. ಡಿ ಮೈನರ್‌ನಲ್ಲಿ ಷಡ್ಜ ಪಂಚಮಗಳು ಅವೇ, ಗಾಂಧಾರ ಮಾತ್ರ ಒಂದು ಫ್ರೆಟ್ ಇಳಿದು ಸಾಧಾರಣ ಗಾಂಧಾರವಾಗುತ್ತದೆ. ಮೇಜರ್‌ನ ನಗು, ಮೈನರ್‌ನ ದುಗುಡ ಎರಡೂ ಆ ಒಂದೇ ಸ್ವರದ ಕೈಯಲ್ಲಿದೆ. ಸ ಮತ್ತು ಪ ಎರಡು ಕಡೆಯೂ ಒಂದೇ. ಹಾಗಾದರೆ ಕಾರ್ಡ್‌ನ ಬಣ್ಣ ಬದಲಿಸಬೇಕೆಂದರೆ ಯಾವ ಬೆರಳನ್ನು ಅಲುಗಿಸಬೇಕು? ಗಾಂಧಾರದ ಬೆರಳನ್ನು.

ಈಗ ಡಿ ಕಾರ್ಡ್ ಹಿಡಿಯಿರಿ. – – 0 2 3 2. ತೋರುಬೆರಳು 3ನೇ ತಂತಿಯ 2ನೇ ಫ್ರೆಟ್, ಉಂಗುರ ಬೆರಳು 2ನೇ ತಂತಿಯ 3ನೇ ಫ್ರೆಟ್, ನಡುಬೆರಳು 1ನೇ ತಂತಿಯ 2ನೇ ಫ್ರೆಟ್. 4ನೇ ತಂತಿ ತೆರೆದಿದೆ, ಅದು ಷಡ್ಜ. 3ನೇ ತಂತಿಯಲ್ಲಿ ಪಂಚಮ. 2ನೇ ತಂತಿಯಲ್ಲಿ ಮತ್ತೆ ಷಡ್ಜ. 1ನೇ ತಂತಿಯಲ್ಲಿ ಗಾಂಧಾರ. ಇಡೀ ಕಾರ್ಡ್‌ನಲ್ಲಿ ಗಾಂಧಾರ ಇರುವುದು ಅದೊಂದೇ ಕಡೆ, ಅದೂ ಎಲ್ಲಕ್ಕಿಂತ ಮೇಲಿನ ಸ್ವರವಾಗಿ. ಕಿವಿಗೆ ಮೊದಲು ತಾಗುವುದೇ ಅದು. ಡಿ ಕಾರ್ಡ್‌ನಲ್ಲಿ ಇಷ್ಟೊಂದು ಜನ ಆಟ ಆಡುವುದಕ್ಕೆ ಇದೇ ಕಾರಣ.

ನಡುಬೆರಳನ್ನು ಎತ್ತಿ. – – 0 2 3 0. ಮೇಲಿನ ಸ್ವರ ರಿಷಭಕ್ಕೆ ಇಳಿಯಿತು. ಇದೇ ಡಿ ಸಸ್ 2, ಅಂದರೆ ಗಾಂಧಾರದ ಬದಲು ಎರಡನೇ ಸ್ವರ ಇರುವ ಕಾರ್ಡ್. ನಡುಬೆರಳನ್ನು ವಾಪಸ್ ಇಟ್ಟು, ಅದನ್ನು ತೆಗೆಯದೆಯೇ ಕಿರುಬೆರಳನ್ನು ಅದೇ ತಂತಿಯ 3ನೇ ಫ್ರೆಟ್‌ಗೆ ಇಡಿ. – – 0 2 3 3. ಈಗ ಮಧ್ಯಮ. ಇದು ಡಿ ಸಸ್ 4. ಅಂದರೆ ಒಂದೇ ತಂತಿಯಲ್ಲಿ ರಿ, ಗ, ಮ ಮೂರೂ ಸಿಕ್ಕವು. ತೆರೆದ ತಂತಿ ರಿ, 2ನೇ ಫ್ರೆಟ್ ಗ, 3ನೇ ಫ್ರೆಟ್ ಮ. ಉಳಿದ ಬೆರಳು ಕದಲಬೇಕಾಗಿಲ್ಲ.

ನಡುಬೆರಳನ್ನು ತೆಗೆಯದೆ ಕಿರುಬೆರಳು ಇಡಿ ಅಂದೆನಲ್ಲ, ಅದಕ್ಕೆ ಕಾರಣ ಇದೆ. ಮಧ್ಯಮ ಬಂದ ಮೇಲೆ ಮತ್ತೆ ಗಾಂಧಾರಕ್ಕೆ ಇಳಿಯಬೇಕು. ನಡುಬೆರಳು ಅಲ್ಲೇ ಒತ್ತಿಕೊಂಡಿದ್ದರೆ ಕಿರುಬೆರಳು ಬಿಟ್ಟ ಕ್ಷಣವೇ ಗಾಂಧಾರ ನುಡಿಯುತ್ತದೆ. ಕಿರುಬೆರಳನ್ನು ಮೇಲಕ್ಕೆ ಎತ್ತಿದರೆ ಸದ್ದು ಸಾಯುತ್ತದೆ. ನೆಲದ ಕಡೆಗೆ ತುಸು ಎಳೆದು ಬಿಡಬೇಕು, ಬೆರಳ ತುದಿಯೇ ತಂತಿಯನ್ನು ಮೀಟಿದ ಹಾಗೆ. ಇದೇ ಪುಲ್-ಆಫ್. ಇದರ ತಿರುವುಮುರುವು ಹ್ಯಾಮರ್-ಆನ್. ತೆರೆದ 1ನೇ ತಂತಿಯನ್ನು ಮೀಟಿ, ಅದು ಇನ್ನೂ ನುಡಿಯುತ್ತಿರುವಾಗಲೇ ನಡುಬೆರಳನ್ನು 2ನೇ ಫ್ರೆಟ್ ಪಟ್ಟಿಯ ಪಕ್ಕದಲ್ಲೇ ಬೀಳಿಸಿ. ಬಲ ಹಾಕುವುದಕ್ಕಿಂತ ವೇಗ ಮುಖ್ಯ. ನಿಧಾನವಾಗಿ ಒತ್ತಿದರೆ ತಂತಿ ಅಲ್ಲೇ ಮೂಕವಾಗುತ್ತದೆ. ಚಟ್ಟನೆ ಬಿದ್ದರೆ ರಿಷಭ ಗಾಂಧಾರಕ್ಕೆ ಏರುತ್ತದೆ, ಬಲಗೈ ಎರಡನೇ ಸಲ ಮೀಟಿರುವುದೇ ಇಲ್ಲ.

ಡಿ ಕಾರ್ಡ್‌ನಲ್ಲಿ ಏನೇನು ಅಡಗಿದೆ ಅನ್ನುವುದಕ್ಕೆ ಜಾರ್ಜ್ ಹ್ಯಾರಿಸನ್ ಒಳ್ಳೆಯ ಸಾಕ್ಷಿ. ಬೀಟಲ್ಸ್ ತಂಡದ 1969ರ ‘ಅಬ್ಬೇ ರೋಡ್’ ಆಲ್ಬಮ್‌ನಲ್ಲಿ ಅವರ ‘ಹಿಯರ್ ಕಮ್ಸ್ ದ ಸನ್’ ಇದೆ. ಗಿಟಾರ್ ಹಾಡುತ್ತಿರುವುದು ಎ ಶ್ರುತಿಯಲ್ಲಿ, ಆದರೆ ಕೈ ಹಿಡಿದಿರುವುದು ಡಿ ಆಕಾರ. 7ನೇ ಫ್ರೆಟ್‌ನಲ್ಲಿ ಕೇಪೋ ಇದೆ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್. ಮೊದಲ ಸಾಲಿನ ಧಾಟಿಯನ್ನು ಸ್ವರದಲ್ಲಿ ಹೇಳಿದರೆ ಗ ಸ ರಿ ಗ. ಗಾಂಧಾರ 1ನೇ ತಂತಿಯಲ್ಲಿ, ಷಡ್ಜ 2ನೇ ತಂತಿಯಲ್ಲಿ, ರಿಷಭ ನಡುಬೆರಳು ಎತ್ತಿದಾಗ ಸಿಗುವ ತೆರೆದ ತಂತಿಯಲ್ಲಿ. ಕಾರ್ಡ್ ಹಿಡಿದ ಕೈಯೊಳಗೇ ಹಾಡು ಕೂತಿದೆ. ಧಾಟಿ ಬೇರೆ, ಕಾರ್ಡ್ ಬೇರೆ ಅಂತ ಎರಡು ಕೆಲಸ ಮಾಡುತ್ತಲೇ ಇಲ್ಲ ಅವರು. ಕೇಪೋ ಅಷ್ಟು ಮೇಲೆ ಹೋದದ್ದರಿಂದ ತಂತಿಯ ಉದ್ದ ಕಡಿಮೆಯಾಗಿ ಸದ್ದು ಸಣ್ಣ ಗಂಟೆಯಷ್ಟು ಚುರುಕಾಗುತ್ತದೆ. ಆಲ್ಬಮ್ ಹಾಕಿ ಆ ಮೊದಲ ಕೆಲವು ಸೆಕೆಂಡ್ ಕೇಳಿ, ಆಮೇಲೆ ಕೇಪೋ ಹಾಕಿ ಹುಡುಕಿ. ಬೆರಳು ತಾನಾಗಿ ದಾರಿ ಕಂಡುಕೊಳ್ಳುತ್ತದೆ.

ಎ ಕಾರ್ಡ್‌ಗೆ ಬರೋಣ. – 0 2 2 2 0. ಗಾಂಧಾರ 2ನೇ ತಂತಿಯ 2ನೇ ಫ್ರೆಟ್. ಇಲ್ಲೂ ಒಂದೇ ಕಡೆ. ಆ ಬೆರಳು ಎತ್ತಿದರೆ ರಿ, – 0 2 2 0 0. ಕಿರುಬೆರಳನ್ನು 3ನೇ ಫ್ರೆಟ್‌ಗೆ ಇಟ್ಟರೆ ಮ, – 0 2 2 3 0. ಡಿಗೂ ಇದಕ್ಕೂ ಒಂದೇ ವ್ಯತ್ಯಾಸ. ಇಲ್ಲಿ ಪುಲ್-ಆಫ್ ಮಾಡುವಾಗ ಕೆಳಗೆ 1ನೇ ತಂತಿ ಇದೆ, ಜಾಸ್ತಿ ಎಳೆದರೆ ಬೆರಳು ಅದಕ್ಕೆ ಬಡಿಯುತ್ತದೆ. ಸಣ್ಣಗೆ ಎಳೆಯಿರಿ.

ಈಗ ಎ ಮೈನರ್ ಹಿಡಿದು ನೋಡಿ. – 0 2 2 1 0. ಸಾಧಾರಣ ಗಾಂಧಾರ ಅದೇ 2ನೇ ತಂತಿಯಲ್ಲಿ, 1ನೇ ಫ್ರೆಟ್‌ನಲ್ಲಿ. ಬೆರಳು ಎತ್ತಿದರೆ – 0 2 2 0 0. ಕಿರುಬೆರಳು ಇಟ್ಟರೆ – 0 2 2 3 0. ಗಮನಿಸಿದಿರಾ? ಎ ಮೇಜರ್‌ನಲ್ಲಿ ಬಂದ ಆಕಾರಗಳೇ ಮತ್ತೆ ಬಂದವು. ಗಾಂಧಾರವನ್ನೇ ತೆಗೆದ ಮೇಲೆ ಅದು ಮೇಜರೂ ಅಲ್ಲ, ಮೈನರೂ ಅಲ್ಲ. ಎರಡಕ್ಕೂ ಸೇರಿದ ನಡುವಿನ ಜಾಗ ಅದು. ಹಾಗಾಗಿ ಸಸ್ ಕಾರ್ಡ್ ಮೇಲೆ ನಿಂತು ನೀವು ಎ ಮೇಜರ್‌ಗೂ ಇಳಿಯಬಹುದು, ಎ ಮೈನರ್‌ಗೂ ಇಳಿಯಬಹುದು. ಕೇಳುವವರಿಗೆ ಇಳಿಯುವವರೆಗೂ ಗೊತ್ತಾಗುವುದಿಲ್ಲ. ಡಿ ಮೇಜರ್, ಡಿ ಮೈನರ್‌ಗೂ ಇದೇ ಮಾತು. ಡಿ ಮೈನರ್‌ನ ಗಾಂಧಾರ 1ನೇ ತಂತಿಯ 1ನೇ ಫ್ರೆಟ್‌ನಲ್ಲಿದೆ. ಒಂದು ಹಾಡಿನ ಪಲ್ಲವಿ ಮೇಜರ್‌ನಲ್ಲಿ, ಚರಣ ಮೈನರ್‌ನಲ್ಲಿ ಇದ್ದರೆ ನಡುವೆ ಒಂದು ಆವರ್ತ ಸಸ್ 2 ಇಟ್ಟು ನೋಡಿ. ಹೊಲಿಗೆ ಕಾಣುವುದಿಲ್ಲ.

ಇ ಕಾರ್ಡ್‌ನಲ್ಲಿ ಸ್ವಲ್ಪ ಬೇರೆ ಕಥೆ. 0 2 2 1 0 0. ಗಾಂಧಾರ 3ನೇ ತಂತಿಯ 1ನೇ ಫ್ರೆಟ್. ಕಿರುಬೆರಳು 2ನೇ ಫ್ರೆಟ್‌ಗೆ ಬಿದ್ದರೆ ಮಧ್ಯಮ ಸಿಗುತ್ತದೆ, 0 2 2 2 0 0. ಆದರೆ ತೋರುಬೆರಳು ಎತ್ತಿದರೆ ರಿಷಭ ಸಿಗುವುದಿಲ್ಲ, ತೆರೆದ ಜಿ ತಂತಿ ಸಿಗುತ್ತದೆ. ಅದು ಸಾಧಾರಣ ಗಾಂಧಾರ. ಕಾರ್ಡ್ ಇ ಮೈನರ್ ಆಗಿಬಿಡುತ್ತದೆ. ಕೊರತೆ ಅನ್ನಬೇಡಿ, ಇದೇ ಇ ಕಾರ್ಡ್‌ನ ಸೊಗಸು. ತೆರೆದ ಜಿ ತಂತಿಯಿಂದ 1ನೇ ಫ್ರೆಟ್‌ಗೆ ಹ್ಯಾಮರ್-ಆನ್ ಮಾಡಿದರೆ ಮೈನರ್ ಗಾಂಧಾರ ಮೇಜರ್ ಗಾಂಧಾರಕ್ಕೆ ಜಾರುತ್ತದೆ. ಅಮೆರಿಕದ ಬ್ಲೂಸ್ ಸಂಗೀತ ಎರಡು ಗಾಂಧಾರಗಳ ನಡುವಿನ ಈ ಎಳೆದಾಟವನ್ನು ಬಹಳ ಪ್ರೀತಿಸುತ್ತದೆ. ನೀವು ನುಡಿಸಿದ ತಕ್ಷಣ ಕಿವಿ ಗುರುತಿಸುತ್ತದೆ. ರಿಷಭವೇ ಬೇಕು ಅನ್ನುವವರು ಕಿರುಬೆರಳನ್ನು 4ನೇ ತಂತಿಯ 4ನೇ ಫ್ರೆಟ್‌ಗೆ ಚಾಚಬೇಕು, 0 2 4 1 0 0. ಗಾಂಧಾರ ಹೋಗದೆಯೇ ರಿಷಭ ಸೇರಿಕೊಳ್ಳುತ್ತದೆ. ನನಗೆ ಬಹಳ ಇಷ್ಟವಾದ ಸದ್ದು ಅದು. ತುಂಬಿಕೊಂಡಂತೆ ಕೇಳುತ್ತದೆ, ಆದರೆ ಭಾರ ಅನಿಸುವುದಿಲ್ಲ.

ಇಲ್ಲಿಗೆ ಬಂದಾಗ ಸಭೆಯಲ್ಲಿ ಒಬ್ಬರು ಎದ್ದು ನಿಂತರು. ಹೇಳಿದ ಹಾಗೇ ಮಾಡುತ್ತಿದ್ದೇನೆ, ಆದರೆ 1ನೇ ಫ್ರೆಟ್‌ನ ಹ್ಯಾಮರ್-ಆನ್ ಸದ್ದೇ ಮಾಡುವುದಿಲ್ಲ, ಬೆರಳು ಮಾತ್ರ ಉರಿಯುತ್ತದೆ ಅಂದರು. ಅವರ ಗಿಟಾರ್ ಇಸಿದುಕೊಂಡು ನೋಡಿದೆ. ಬೆರಳಿನ ತಪ್ಪಲ್ಲ, ನಟ್‌ನ ತಪ್ಪು. ತಂತಿಗಳು ಕುತ್ತಿಗೆಯ ತುದಿಯಲ್ಲಿ ಹಾದುಹೋಗುವ ಆ ಪುಟ್ಟ ಪಟ್ಟಿಯಲ್ಲಿ ಗೀರುಗಳು ಆಳವಾಗಿರದಿದ್ದರೆ ಮೊದಲ ಫ್ರೆಟ್‌ಗಳಲ್ಲಿ ತಂತಿ ತೀರಾ ಎತ್ತರದಲ್ಲಿ ನಿಲ್ಲುತ್ತದೆ. ಒತ್ತುವುದು ಕಷ್ಟ, ಒತ್ತಿದಾಗ ತಂತಿ ಹಿಗ್ಗಿ ಶ್ರುತಿಯೂ ಏರುತ್ತದೆ. ಓಪನ್ ಕಾರ್ಡ್ ನುಡಿಸುವವರಿಗೆ ಇದರಷ್ಟು ಕಾಟ ಕೊಡುವ ದೋಷ ಇನ್ನೊಂದಿಲ್ಲ, ಯಾಕೆಂದರೆ ನಮ್ಮ ಕೆಲಸವೆಲ್ಲ ನಟ್ ಪಕ್ಕದಲ್ಲೇ. ಮನೆಯಲ್ಲೇ ಪರೀಕ್ಷೆ ಮಾಡಿ. ತಂತಿಯನ್ನು 2 ಮತ್ತು 3ನೇ ಫ್ರೆಟ್‌ಗಳ ನಡುವೆ ಒತ್ತಿ ಹಿಡಿದು, 1ನೇ ಫ್ರೆಟ್ ಪಟ್ಟಿಯ ಮೇಲೆ ಎಷ್ಟು ಸಂದು ಉಳಿದಿದೆ ನೋಡಿ. ಒಂದು ತೆಳು ಕಾಗದ ತೂರುವಷ್ಟು ಇದ್ದರೆ ಸರಿ. ಅದಕ್ಕಿಂತ ಬಹಳ ಜಾಸ್ತಿ ಇದ್ದರೆ ಗಿಟಾರ್ ರಿಪೇರಿ ಮಾಡುವವರ ಹತ್ತಿರ ಒಯ್ದು ಸೆಟಪ್ ಮಾಡಿಸಿ. ನೀವೇ ಅರ ಹಿಡಿದು ಕೂರಬೇಡಿ. ಗೀರು ಒಮ್ಮೆ ಆಳವಾದರೆ ವಾಪಸ್ ಬರುವುದಿಲ್ಲ, ತಂತಿ ಝರ್ ಅನ್ನಲು ಶುರುಮಾಡುತ್ತದೆ. ಇನ್ನೊಂದು, ದಪ್ಪ ತಂತಿ ಹಾಕಿಸಿಕೊಂಡಿದ್ದರೆ ಕೆಲವು ತಿಂಗಳ ಮಟ್ಟಿಗೆ 10 ಅಥವಾ 11ರ ಸೆಟ್‌ಗೆ ಬನ್ನಿ (1ನೇ ತಂತಿಯ ದಪ್ಪವನ್ನು ಇಂಚಿನ ಸಾವಿರದ ಪಾಲಿನಲ್ಲಿ ಹೇಳುವ ಸಂಖ್ಯೆ ಅದು). ಕಿರುಬೆರಳು ಪಳಗುವವರೆಗೆ 12ರ ಸೆಟ್ ಯಾಕೆ ಬೇಕು?

ಈಗ ಸಿ ಮತ್ತು ಜಿ. ಇಲ್ಲಿ ಲೆಕ್ಕ ಬದಲಾಗುತ್ತದೆ.

ಸಿ ಕಾರ್ಡ್ – 3 2 0 1 0. ಗಾಂಧಾರ ಎರಡು ಕಡೆ ಇದೆ. ಒಂದು 4ನೇ ತಂತಿಯ 2ನೇ ಫ್ರೆಟ್‌ನಲ್ಲಿ, ಇನ್ನೊಂದು ತೆರೆದ 1ನೇ ತಂತಿಯಲ್ಲಿ. ಜಿ ಕಾರ್ಡ್ 3 2 0 0 0 3. ಅದರಲ್ಲೂ ಎರಡು, 5ನೇ ತಂತಿಯ 2ನೇ ಫ್ರೆಟ್ ಮತ್ತು ತೆರೆದ 2ನೇ ತಂತಿ. ಒಂದು ಗಾಂಧಾರವನ್ನು ಅಲುಗಿಸಿದರೆ ಇನ್ನೊಂದು ಅಲ್ಲೇ ಕೂತಿರುತ್ತದೆ. ಡಿ, ಎ ಕಾರ್ಡ್‌ಗಳ ಹಾಗೆ ಇಡೀ ಕಾರ್ಡ್‌ನ ಬಣ್ಣ ಬದಲಾಗುವುದಿಲ್ಲ. ಸಿ ಹಿಡಿದು ಕಿರುಬೆರಳನ್ನು 4ನೇ ತಂತಿಯ 3ನೇ ಫ್ರೆಟ್‌ಗೆ ಇಟ್ಟು ಎಲ್ಲ ತಂತಿ ಮೀಟಿ ನೋಡಿ. ಕೆಳಗೆ ಮಧ್ಯಮ, ಮೇಲೆ ಗಾಂಧಾರ. ಎರಡೂ ತಿಕ್ಕಾಡುತ್ತವೆ. 1ನೇ ತಂತಿಯನ್ನು ಬಿಟ್ಟು ಮೀಟಿದರೆ ಹಿತವಾಗುತ್ತದೆ.

ಹಾಗಾಗಿ ಸಿ, ಜಿ ಕಾರ್ಡ್‌ಗಳಲ್ಲಿ ಅಲಂಕಾರ ಕೆಳಗಿನ, ಅಂದರೆ ತಗ್ಗು ಸ್ವರದ ದಪ್ಪ ತಂತಿಗಳಿಗೆ ಇಳಿಯುತ್ತದೆ. ಇದನ್ನು ಎಲ್ಲರಿಗಿಂತ ಚೆನ್ನಾಗಿ ತೋರಿಸಿಕೊಟ್ಟವರು ಮೇಬೆಲ್ ಕಾರ್ಟರ್. ಅಮೆರಿಕದ ವರ್ಜೀನಿಯಾದ ಬೆಟ್ಟಗಾಡಿನ ಹೆಣ್ಣುಮಗಳು, ಹುಟ್ಟಿದ್ದು 1909ರಲ್ಲಿ. 1927ರ ಆಗಸ್ಟ್‌ನಲ್ಲಿ ಬ್ರಿಸ್ಟಲ್ ಎಂಬ ಊರಿನಲ್ಲಿ ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪಿಯರ್ ರೆಕಾರ್ಡಿಂಗ್ ಇಟ್ಟುಕೊಂಡಿದ್ದಾಗ ಕಾರ್ಟರ್ ಕುಟುಂಬ ಅಲ್ಲಿಗೆ ಹೋಗಿ ಹಾಡಿತು. ಆಗ ಮೇಬೆಲ್‌ಗೆ ಹದಿನೆಂಟು. ಜೊತೆಗೆ ಹಾಡುತ್ತಿದ್ದವರು ಅಕ್ಕನ ವರಸೆಯ ಸಾರಾ ಮತ್ತು ಸಾರಾರ ಗಂಡ ಎ. ಪಿ. ಕಾರ್ಟರ್. ತಂಡದಲ್ಲಿ ಡ್ರಮ್ಸ್ ಇಲ್ಲ, ಪಿಟೀಲಿನ ಮೇಳ ಇಲ್ಲ. ಹಾಡಿನ ನಡುವಿನ ಜಾಗ ತುಂಬಬೇಕಾದದ್ದು ಗಿಟಾರ್. ಮೇಬೆಲ್ ಮಾಡಿದ್ದೇನು? ಹೆಬ್ಬೆರಳಿನಿಂದ ದಪ್ಪ ತಂತಿಗಳ ಮೇಲೆ ಹಾಡಿನ ಧಾಟಿ ನುಡಿಸಿದರು, ನಡುನಡುವೆ ತೋರುಬೆರಳಿನಿಂದ ತೆಳು ತಂತಿಗಳನ್ನು ಸವರಿ ಕಾರ್ಡ್ ಕೊಟ್ಟರು. ಧಾಟಿ ಕೆಳಗೆ, ಕಾರ್ಡ್ ಮೇಲೆ. ಈ ಶೈಲಿಗೆ ಕಾರ್ಟರ್ ಸ್ಕ್ರ್ಯಾಚ್ ಅನ್ನುತ್ತಾರೆ. ಆಮೇಲೆ ಬಂದ ಹಳ್ಳಿಗಾಡಿನ, ಜನಪದದ ಗಿಟಾರ್ ವಾದಕರಲ್ಲಿ ಇದರ ಗುರುತು ಇಲ್ಲದವರು ಕಡಿಮೆ.

ಸಿ ಆಕಾರ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸಿ ಷಡ್ಜ ಅಂದುಕೊಂಡು ಕೆಳಗಿನ ತಂತಿಗಳನ್ನು ಓದಿ. 5ನೇ ತಂತಿಯಲ್ಲಿ ತೆರೆದರೆ ಧೈವತ, 2ನೇ ಫ್ರೆಟ್ ನಿಷಾದ, 3ನೇ ಫ್ರೆಟ್ ಷಡ್ಜ. 4ನೇ ತಂತಿ ತೆರೆದರೆ ರಿಷಭ, 2ನೇ ಫ್ರೆಟ್ ಗಾಂಧಾರ, 3ನೇ ಫ್ರೆಟ್ ಮಧ್ಯಮ. 3ನೇ ತಂತಿ ತೆರೆದರೆ ಪಂಚಮ, 2ನೇ ಫ್ರೆಟ್ ಧೈವತ. ಕಾರ್ಡ್ ಹಿಡಿದ ಕೈ ಎಲ್ಲೂ ಹೋಗದೆ ಶಂಕರಾಭರಣದ ಸ್ವರಗಳೆಲ್ಲ ಬೆರಳಿಗೆ ಸಿಕ್ಕವು. 4ನೇ ತಂತಿಯನ್ನು ತೆರೆದು ಮೀಟಿ ನಡುಬೆರಳನ್ನು 2ನೇ ಫ್ರೆಟ್‌ಗೆ ಬೀಳಿಸಿದರೆ ರಿಯಿಂದ ಗಕ್ಕೆ ಹ್ಯಾಮರ್-ಆನ್. ಆಮೇಲೆ ಮೇಲಿನ ತಂತಿಗಳನ್ನು ಒಮ್ಮೆ ಸವರಿ. ಕಾರ್ಟರ್ ಮನೆತನದ ಸದ್ದು ನಿಮ್ಮ ಕೈಯಲ್ಲೇ ಕೇಳಿಸುತ್ತದೆ. ಜಿ ಕಾರ್ಡ್‌ನಲ್ಲಿ ಇದೇ ಆಟ 5ನೇ ತಂತಿಯಲ್ಲಿ, ತೆರೆದ ತಂತಿಯಿಂದ 2ನೇ ಫ್ರೆಟ್‌ಗೆ.

ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಹೋಗುವಾಗಲೂ ಈ ಕೆಳಗಿನ ತಂತಿಗಳೇ ದಾರಿ. ಸಿಯಿಂದ ಎ ಮೈನರ್‌ಗೆ ಹೋಗುವಾಗ 5ನೇ ತಂತಿಯಲ್ಲಿ 3, 2, 0 ಅಂತ ಇಳಿಯಿರಿ. ಇ ಮೈನರ್‌ನಿಂದ ಜಿಗೆ 6ನೇ ತಂತಿಯಲ್ಲಿ 0, 2, 3 ಅಂತ ಏರಿ. ಬೇರೆ ಏನೂ ಮಾಡದಿದ್ದರೂ ಈ ಎರಡು ನಡಿಗೆ ಬಂದರೆ ಪಕ್ಕವಾದ್ಯ ತಟ್ಟನೆ ಬೆಳೆದಂತೆ ಕೇಳಿಸುತ್ತದೆ.

ಜಿ ಕುಟುಂಬದಲ್ಲಿ ಇನ್ನೊಂದು ಸಂಗತಿ ಇದೆ. ಉಂಗುರ ಬೆರಳನ್ನು 2ನೇ ತಂತಿಯ 3ನೇ ಫ್ರೆಟ್‌ನಲ್ಲಿ, ಕಿರುಬೆರಳನ್ನು 1ನೇ ತಂತಿಯ 3ನೇ ಫ್ರೆಟ್‌ನಲ್ಲಿ ಇಟ್ಟು ಮರೆತುಬಿಡಿ. ಉಳಿದೆರಡು ಬೆರಳು ಮಾತ್ರ ಓಡಾಡಲಿ. ಜಿ 3 2 0 0 3 3. ಸಿ ಆಡ್ 9, – 3 2 0 3 3. ಇ ಮೈನರ್ 7, 0 2 2 0 3 3. ಡಿ ಸಸ್ 4, – – 0 2 3 3. ನಾಲ್ಕು ಕಾರ್ಡ್ ಬದಲಾದವು, ಮೇಲಿನ ಎರಡು ತಂತಿ ಕದಲಲಿಲ್ಲ. ಆ ಎರಡು ತಂತಿಗಳಲ್ಲಿ ಇರುವುದು ಡಿ ಮತ್ತು ಜಿ. ಜಿ ಶ್ರುತಿಗೆ ಅವು ಪಂಚಮ ಮತ್ತು ಷಡ್ಜ. ತಂಬೂರಿ ಮಾಡುವ ಕೆಲಸವನ್ನು ನಿಮ್ಮದೇ ಎರಡು ಬೆರಳು ಮಾಡುತ್ತಿವೆ. ತೊಂಬತ್ತರ ದಶಕದ ಪಾಪ್, ರಾಕ್ ಹಾಡುಗಳಲ್ಲಿ ಈ ಸದ್ದು ಎಷ್ಟು ಬಳಕೆಯಾಯಿತೆಂದರೆ ಕೇಳಿದ ಕೂಡಲೇ ಆ ಕಾಲ ನೆನಪಾಗುತ್ತದೆ.

ತಂಬೂರಿಯ ಮಾತು ಬಂದ ಮೇಲೆ ಶ್ರುತಿಯ ವಿಷಯ ಹೇಳಲೇಬೇಕು. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರ ತಂತಿಯಿಂದ ಒಂದು ಗಾಂಧಾರ ತಾನಾಗಿ ಕೇಳಿಸುತ್ತದೆ. ಸ್ವಯಂಭೂ ಗಾಂಧಾರ ಅನ್ನುತ್ತಾರೆ. ಅದು ಷಡ್ಜದಿಂದ ಸುಮಾರು 386 ಸೆಂಟ್ ದೂರದಲ್ಲಿದೆ. ಒಂದು ಸ್ಥಾಯಿಯನ್ನು 1200 ಸೆಂಟ್ ಅಂತ ಭಾಗ ಮಾಡಿದ ಲೆಕ್ಕ ಇದು. ಗಿಟಾರ್‌ನಲ್ಲಿ ಪ್ರತಿ ಫ್ರೆಟ್ 100 ಸೆಂಟ್, ಹಾಗಾಗಿ ಅದರ ಗಾಂಧಾರ 400ರಲ್ಲಿದೆ. 14 ಸೆಂಟ್ ಜಾಸ್ತಿ. ಮಧ್ಯಮ, ಪಂಚಮ, ರಿಷಭಗಳಲ್ಲಿ ಈ ವ್ಯತ್ಯಾಸ ಎರಡರಿಂದ ನಾಲ್ಕು ಸೆಂಟ್ ಅಷ್ಟೇ. ಅಂದರೆ ಗಿಟಾರ್‌ನ ಮೇಜರ್ ಕಾರ್ಡ್‌ನಲ್ಲಿ ಶುದ್ಧ ಶ್ರುತಿಯಿಂದ ಎದ್ದು ಕಾಣುವಷ್ಟು ಆಚೆ ಇರುವ ಸ್ವರ ಗಾಂಧಾರ ಒಂದೇ. ಅದನ್ನು ತೆಗೆದು ರಿ ಅಥವಾ ಮ ಇಟ್ಟಾಗ ಕಾರ್ಡ್ ತೊಳೆದಂತೆ ಕೇಳುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ.

ಕಿವಿ ಚುರುಕಾಗಿರುವವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಇ ಕಾರ್ಡ್ ಹಿಡಿದು ಗಾಂಧಾರ ಸಿಹಿಯಾಗುವವರೆಗೆ 3ನೇ ತಂತಿ ಇಳಿಸುತ್ತಾರೆ. ಆಮೇಲೆ ಜಿ ಕಾರ್ಡ್ ಹಿಡಿದರೆ ಆ ತಂತಿಯಲ್ಲಿರುವ ಷಡ್ಜವೇ ಕೆಟ್ಟಿರುತ್ತದೆ. ಕಿವಿಯ ತಪ್ಪಲ್ಲ, ವಾದ್ಯದ ಸ್ವಭಾವ. ಅಮೆರಿಕದ ಗಾಯಕ, ಗಿಟಾರ್ ವಾದಕ ಜೇಮ್ಸ್ ಟೇಲರ್ ಇದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿದ್ದಾರೆ. ಟ್ಯೂನರ್ ತೋರಿಸುವುದಕ್ಕಿಂತ 6ನೇ ತಂತಿಯನ್ನು 12 ಸೆಂಟ್ ಇಳಿಸುತ್ತಾರೆ, 1ನೇ ತಂತಿಯನ್ನು 3 ಸೆಂಟ್. ನಡುವಿನವು ಇವೆರಡರ ಮಧ್ಯೆ. ದಪ್ಪ ತಂತಿ ಮೀಟಿದ ಕ್ಷಣ ಶ್ರುತಿ ತುಸು ಏರುತ್ತದೆ, ಕೇಪೋ ಹಾಕಿದರೂ ಏರುತ್ತದೆ. ಅದನ್ನೆಲ್ಲ ಮೊದಲೇ ಲೆಕ್ಕ ಹಾಕಿದ ಇಳಿಕೆ ಅದು. ಓಪನ್ ಕಾರ್ಡ್‌ಗಳಲ್ಲಿ ಹ್ಯಾಮರ್-ಆನ್, ಪುಲ್-ಆಫ್‌ಗಳನ್ನು ಅಷ್ಟು ನಾಜೂಕಾಗಿ ನುಡಿಸುವವರು ಕಡಿಮೆ. ಅವರ ಗಿಟಾರ್‌ನ ಆ ಮೃದುತನದಲ್ಲಿ ಬೆರಳಿನಷ್ಟೇ ಪಾಲು ಈ ಶ್ರುತಿಗೂ ಇದೆ.

ತಾಳದ ಬಗ್ಗೆ ಒಂದು ಮಾತು. ಮಧ್ಯಮ ಎಲ್ಲಿ ಬರುತ್ತದೆ ಅನ್ನುವುದರ ಮೇಲೆ ಅದರ ತೂಕ ನಿಂತಿದೆ. ನಾಲ್ಕರ ಎಣಿಕೆಯಲ್ಲಿ ಒಂದು, ಎರಡಕ್ಕೆ ಡಿ, ಮೂರಕ್ಕೆ ಸಸ್ 4, ನಾಲ್ಕಕ್ಕೆ ಮತ್ತೆ ಡಿ ನುಡಿಸಿ. ಹಗುರವಾಗಿ ಬಂದು ಹೋಗುತ್ತದೆ. ಈಗ ಒಂದಕ್ಕೇ ಸಸ್ 4 ನುಡಿಸಿ, ಮೂರರವರೆಗೆ ಹಿಡಿದು, ನಾಲ್ಕಕ್ಕೆ ಡಿ ಬಿಡಿ. ಕೇಳುವವರು ಗಾಂಧಾರಕ್ಕಾಗಿ ಕಾಯುತ್ತಾರೆ. ಅದೇ ಎರಡು ಆಕಾರ, ಅದೇ ಬೆರಳು. ಹಾಡುವವರು ಬಾಯಿ ತೆರೆದಿರುವಾಗ ಮೊದಲನೆಯದು ಸಾಕು. ಎರಡನೆಯದನ್ನು ಸಾಲು ಮುಗಿದು ಅವರು ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಇಟ್ಟುಕೊಳ್ಳಿ. ಪ್ರತಿ ಸಾಲಿನಲ್ಲೂ, ಪ್ರತಿ ಕಾರ್ಡ್‌ನಲ್ಲೂ ಅಲಂಕಾರ ತುರುಕುವವರನ್ನು ಬಹಳ ನೋಡಿದ್ದೇನೆ. ಹಾಡು ಕೇಳಿಸುವುದೇ ಇಲ್ಲ. ನನಗೆ ಅದು ಸರಿ ಅನಿಸುವುದಿಲ್ಲ. ಪಕ್ಕವಾದ್ಯ ನುಡಿಸುವವರು ಮೊದಲು ಹಾಡಿನ ಮಾತು ಕೇಳಬೇಕು.

ಕಡೆಗೆ ನಮ್ಮ ಹಾಡುಗಳ ವಿಷಯ. ಭಾವಗೀತೆಗೋ ದೇವರನಾಮಕ್ಕೋ ಗಿಟಾರ್ ಹಿಡಿದು ಕೂತಾಗ ಗಾಂಧಾರದ ಈ ತಿಳಿವಳಿಕೆ ನಿಜಕ್ಕೂ ಕೈ ಹಿಡಿಯುತ್ತದೆ. ಹಾಡುವವರ ಗಾಂಧಾರ ಒಂದು ಜಾಗದಲ್ಲಿ ನಿಂತಿರುವುದಿಲ್ಲ, ತೂಗುತ್ತದೆ. ಗಿಟಾರ್‌ನ ಗಾಂಧಾರ ಫ್ರೆಟ್‌ಗೆ ಅಂಟಿಕೊಂಡಿದೆ. ಎರಡೂ ಒಟ್ಟಿಗೆ ಬಂದರೆ ಕಿರಿಕಿರಿ. ಅಂಥ ಕಡೆ ಸಸ್ ಕಾರ್ಡ್ ಹಿಡಿದು ಗಾಂಧಾರವನ್ನು ಅವರಿಗೇ ಬಿಟ್ಟುಕೊಡಿ.

ಗಾಂಧಾರವೇ ಇಲ್ಲದ ರಾಗಗಳೂ ಇವೆ. ಮಧ್ಯಮಾವತಿ ತೆಗೆದುಕೊಳ್ಳಿ. ಸ ರಿ ಮ ಪ ನಿ. ಚತುಶ್ರುತಿ ರಿಷಭ, ಶುದ್ಧ ಮಧ್ಯಮ, ಕೈಶಿಕಿ ನಿಷಾದ. ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ನಮ್ಮ ಮನೆಗಳಲ್ಲಿ ಹೆಚ್ಚಾಗಿ ಈ ರಾಗದಲ್ಲೇ ಹಾಡುವುದು. ಅದಕ್ಕೆ ಡಿ ಮೇಜರ್ ಹಿಡಿದರೆ ಅಂತರ ಗಾಂಧಾರ ನುಗ್ಗುತ್ತದೆ, ಡಿ ಮೈನರ್ ಹಿಡಿದರೆ ಸಾಧಾರಣ ಗಾಂಧಾರ. ಎರಡೂ ರಾಗದಲ್ಲಿಲ್ಲ. ಡಿ ಸಸ್ 2 ಅಂದರೆ ಸ ರಿ ಪ, ಡಿ ಸಸ್ 4 ಅಂದರೆ ಸ ಮ ಪ. ಎರಡೂ ಪೂರ್ತಿ ರಾಗದ ಒಳಗೇ ಇವೆ! ಉಳಿದವನ್ನೂ ಹೀಗೇ ಜರಡಿ ಹಿಡಿಯೋಣ. ಡಿ ಷಡ್ಜವಾದರೆ ಸಿ ಮೇಜರ್ ಹಾಗೇ ನಡೆಯುತ್ತದೆ, ಅದು ನಿ ರಿ ಮ. ಎ ಮೈನರ್ ನಡೆಯುತ್ತದೆ, ಅದು ಪ ನಿ ರಿ. ಎ ಮೇಜರ್ ಬೇಡ. ಅದರ ಬದಲು – 0 2 0 3 0 ಹಿಡಿಯಿರಿ, ಪ ರಿ ಮ ಸ ರಿ. ಜಿ ಮೇಜರ್‌ನಲ್ಲಿ ಬಿ ಸ್ವರ ಬರುತ್ತದೆ, ಅದು ಧೈವತ, ರಾಗದಲ್ಲಿಲ್ಲ. 3 – 0 0 3 3 ಹಿಡಿದು 5ನೇ ತಂತಿಯನ್ನು ಬೆರಳ ಮೈಯಿಂದ ಮುಟ್ಟಿ ಸುಮ್ಮನಾಗಿಸಿದರೆ ಮ ಮತ್ತು ಸ ಮಾತ್ರ ಉಳಿಯುತ್ತವೆ.

ಶ್ರುತಿಗೆ ಕೇಪೋ ಇದೆ. ಗಂಡಸರು ಎರಡು ಮನೆ ಶ್ರುತಿಯಲ್ಲಿ (ಹಾರ್ಮೋನಿಯಂನಲ್ಲಿ ಸಿಯಿಂದ ಬಿಳಿ ಮನೆ ಎಣಿಸುವ ಲೆಕ್ಕ) ಹಾಡಿದರೆ ಕೇಪೋ ಬೇಡ, ಅದು ಡಿಯೇ. ಹೆಂಗಸರು ಐದು ಮನೆ ಅಂದರೆ 5ನೇ ಫ್ರೆಟ್‌ಗೆ ಕೇಪೋ, ಆರು ಮನೆ ಅಂದರೆ 7ನೇ ಫ್ರೆಟ್‌ಗೆ. ಆಕಾರಗಳು ಅವೇ. ಸಾಲಿನ ಶುರುವಿಗೆ ಸಸ್ 2 ಇಟ್ಟು, ಮಧ್ಯಮದ ಮೇಲೆ ಹಾಡು ನಿಲ್ಲುವ ಕಡೆ ಕಿರುಬೆರಳು ಬೀಳಿಸಿ. ನಿಷಾದ ಹಿಡಿದು ಎಳೆಯುವ ಕಡೆ ಸಿ. ಹಾಡು ಮುಗಿದು ಷಡ್ಜಕ್ಕೆ ಬಂದಾಗ – – 0 2 3 5 ಹಿಡಿಯಿರಿ. ತೋರುಬೆರಳು, ನಡುಬೆರಳು, ಕಿರುಬೆರಳು. ಸ ಪ ಸ ಪ. ಕೈ ಚಿಕ್ಕದಾಗಿದ್ದು ಚಾಚಲು ಆಗದಿದ್ದರೆ 1ನೇ ತಂತಿ ಬಿಟ್ಟು ಮೂರೇ ತಂತಿ ಮೀಟಿದರೂ ಆಯಿತು.